ಬೂದಿಯ ಬಗ್ಗೆ ಒಂದು ಸಾಲು

೧೨ ಫೆಬ್ರವರಿ ೨೦೨೨, ಶನಿವಾರ. ಕೊಪ್ಪಳ

ಕುಕ್ಕರ್ ಇಟ್ಟು ಲಾಗಿನ್ ಆದೆ. ಕುಷ್ಟಗಿ ಕಡೆಯ ಕೆರೆಗಳ ಲೇಖನಕ್ಕೆ ಯಾರೋ ತಮ್ಮ ಮಾವನ ಹೆಸರು ಸೇರಿಸಿ ಹೋಗಿದ್ದಾರೆ — ‘ಈ ಕೆರೆಯ ಹೂಳೆತ್ತಿಸಿದ ಮಹಾನುಭಾವರು’. ಆಧಾರ ಕೊಟ್ಟಿಲ್ಲ. ತೆಗೆದೆ. ಹೋದ ವಾರವೂ ತೆಗೆದಿದ್ದೆ. ಯಾರು ಬೇಕಾದರೂ ತಿದ್ದಬಹುದಾದ ಇಂಟರ್‌ನೆಟ್ ವಿಶ್ವಕೋಶ ಅಂದಮೇಲೆ ಎಲ್ಲರ ಮಾವಂದಿರೂ ಬರುವವರೇ. ಇದು ನನ್ನ ಪುಕ್ಕಟೆ ಕೆಲಸ, ಕಾಲೇಜಿನ ದಿನದಿಂದ ಮಾಡುತ್ತಿರುವುದು. ಇದರ ರುಚಿಯೇ ಬೇರೆ.

ರೊಕ್ಕದ ಕೆಲಸಕ್ಕೆ ಬೇರೆ ಅಕೌಂಟ್. ನೀರು, ಮಣ್ಣು, ಸೌರಶಕ್ತಿ, ಗೊಬ್ಬರ — ಇಂಥ ವಿಷಯಗಳಿಗೆ ಮಾತ್ರ. ಆ ಅಕೌಂಟಿನ ಪುಟದ ಮೊದಲ ಸಾಲೇ ‘ನಾನು ಅಮೃತಾ, ಹಣ ಪಡೆದು ಬರೆಯುತ್ತೇನೆ. ಯಾರಿಂದ ಎಂಬುದು ಕೆಳಗಿದೆ.’ ದಪ್ಪ ಅಕ್ಷರದಲ್ಲಿ. ನನ್ನ ಗಂಡ ಗವಿಸಿದ್ದೇಶ ಸರಕಾರಿ ನೌಕರ. ಅದನ್ನು ಮೊದಲ ಸಲ ಓದಿದಾಗ ಚಹಾ ಮೂಗಿಗೆ ಏರಿಸಿಕೊಂಡಿದ್ದರು.

“ಮಂದಿ ರೊಕ್ಕ ತಗೊಂಡ್ ಮುಚ್ಚಿಡ್ತಾರ. ನೀ ನೋಡಿದ್ರ ಬೋರ್ಡ್ ಬರಸಿ ಹಚ್ಚಿದಿ!”

ಹಚ್ಚಿದ್ದಕ್ಕೇ ನನಗೆ ರಾತ್ರಿ ನಿದ್ದೆ ಬರುತ್ತದೆ. ಗೆಸ್ಟ್ ಲೆಕ್ಚರರ್ ಕೆಲಸ ಹೋದಮೇಲೆ ಇದೇ ನನ್ನ ದುಡಿಮೆ. ಈ ಅಕೌಂಟಿನ ಹೆಸರು ಕೆಟ್ಟರೆ ದುಡಿಮೆಯೂ ಹೋಯಿತು, ಇಷ್ಟು ವರ್ಷದ ಪುಕ್ಕಟೆ ಕೆಲಸದ ಮಾನವೂ ಹೋಯಿತು.

ಹತ್ತರ ಸುಮಾರಿಗೆ ಫೋನ್. ಗಂಗಾವತಿಯ ಕೊಟ್ರಪ್ಪ ಸಾವ್ಕಾರ್ರು, ಹಸಿರುತೆನೆ ರೈಸ್ ಮಿಲ್ಲಿನವರು. ಭತ್ತದ ಹೊಟ್ಟು ಉರಿಸಿ ಮಿಲ್ಲಿಗೆ ಬೇಕಾದ ಕರೆಂಟ್ ತಾವೇ ಮಾಡಿಕೊಳ್ಳುತ್ತಾರಂತೆ. ವಿಶ್ವಕೋಶದಲ್ಲಿ ಮಿಲ್ಲಿನ ಮೇಲೆ ಒಂದು ಗಿಡ್ಡ ಲೇಖನ ಇದೆ, ಅದನ್ನು ಉದ್ದ ಮಾಡಿಕೊಡಬೇಕಂತೆ.

“ಪರಿಸರಸ್ನೇಹಿ ಅಂತ ಒಂದ್ ಹತ್ತ್ ಸಲ ಬರ್ಲಿ ಮೇಡಮ್ಮಾರ!”

ಒಂದು ಸಲವೂ ಬರುವುದಿಲ್ಲ ಅಂತ ಆಗಲೇ ಹೇಳಬಹುದಿತ್ತು. ದನಿ ಭಾರಿ ಉತ್ಸಾಹದ್ದು... ಮನಸ್ಸಾಗಲಿಲ್ಲ. ಮಂಗಳವಾರ ಬಂದು ಮಾತಾಡ್ತೀನ್ರಿ ಅಂದೆ.

೧೫ ಫೆಬ್ರವರಿ, ಮಂಗಳವಾರ. ಸಂಜೆ

ನಾಳೆ ಭಾರತ ಹುಣ್ಣಿಮೆ. ಸ್ಟ್ಯಾಂಡ್ ತುಂಬ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೊರಟ ಮಂದಿ. ಗಂಗಾವತಿ ಬಸ್ಸಿಗೂ ಹತ್ತಿ, ಕಂಡಕ್ಟರ್ ಬೈದಮೇಲೆ ಇಳಿದರು. ಬುದಗುಂಪಾದವರೆಗೆ ನಿಂತೇ ಹೋದೆ.

ಕೊಟ್ರಪ್ಪನವರು ಗೇಟಿಗೇ ಬಂದಿದ್ದರು. ಬಿಳಿ ಧೋತರ, ದೊಡ್ಡ ದನಿ. ಮಿಲ್ಲೆಲ್ಲ ತಿರುಗಿಸಿ ತೋರಿಸಿದರು. ಹೊಟ್ಟಿನ ಗುಡ್ಡದ ಮುಂದೆ ಮದುಮಗನ ಹಾಗೆ ನಿಂತು ಫೋಟೋ ತೆಗೆಸಿಕೊಂಡರು.

“ಮೊದಲ ಇದನ್ನ ರಸ್ತಾದ ಬಾಜೂಕ ಸುರುವಿ ಬೆಂಕಿ ಹಚ್ತಿದ್ವಿ. ಹಾದಿ ಹಿಡದ್ ಹೋಗೋರೆಲ್ಲಾ ಕೆಮ್ಮತಿದ್ರು. ಈಗ ಅದ ಹೊಟ್ಟು ಬಾಯ್ಲರ್‌ಗೆ ಹೊಕ್ಕು ಕರೆಂಟಾಗಿ ಬರ್ತೈತಿ. ಬರೋ ಬೂದಿ ಇಟ್ಟಂಗಿ ಭಟ್ಟಿಗೆ. ಏನೂ ದಂಡ ಇಲ್ಲ!”

ಹೆಮ್ಮೆ ಪಡಬೇಕಾದದ್ದೇ. ನನಗೂ ಖುಷಿಯಾಯಿತು. ಚಹಾ ಕುಡಿಯುವಾಗ ನನ್ನ ರಿವಾಜು ಹೇಳಿದೆ. ಲೇಖನವನ್ನು ನಾನು ಮುಟ್ಟುವುದಿಲ್ಲ. ಅದರ ಪಕ್ಕದಲ್ಲಿ ಚರ್ಚೆಯ ಪುಟ ಇರುತ್ತದೆ, ಅಲ್ಲಿ ‘ಇವರ ಹಣ ಪಡೆದಿದ್ದೇನೆ, ಇಂಥಿಂಥದು ಸೇರಿಸಿ’ ಅಂತ ಆಧಾರ ಸಮೇತ ಕೋರಿಕೆ ಇಡುತ್ತೇನೆ. ಬಿಡಿಗಾಸೂ ಪಡೆಯದ ಯಾರೋ ಒಬ್ಬರು ಪರೀಕ್ಷೆ ಮಾಡಿ, ಸರಿ ಕಂಡರೆ ಸೇರಿಸುತ್ತಾರೆ. ಪೇಪರು, ವರದಿಗಳಲ್ಲಿ ಒಳ್ಳೆಯದು ಇದ್ದರೆ ಒಳ್ಳೆಯದು, ಕೆಟ್ಟದ್ದಿದ್ದರೆ ಅದೂ. ನನ್ನ ಸಂಬಳ ಕೆಲಸಕ್ಕೆ, ಫಲಕ್ಕಲ್ಲ.

ಕೊಟ್ರಪ್ಪನವರು ಚಹಾದ ಬಸಿ ಕೆಳಗಿಟ್ಟರು.

“ಅಂದ್ರ ರೊಕ್ಕಾನೂ ನಂದು, ಲೇಖನಾನೂ ನಂದು. ಬರಿಯೋರು ಮಾತ್ರ ಯಾರೋ?”

“ಲೇಖನ ನಿಮ್ಮದಲ್ರಿ ಸಾವ್ಕಾರ್ರ. ನಿಮ್ಮ ಮ್ಯಾಲಿಂದು.”

ಹೋ ಅಂತ ನಕ್ಕರು. ಒಪ್ಪಿದರು. ಇಂಥ ಗ್ರಾಹಕರು ಸಿಗುವುದು ಕಡಿಮೆ.

ಊಟ ಮಿಲ್ಲಿನ ಹಿಂದಿನ ಅವರ ಮನೆಯಲ್ಲೇ. ರೊಟ್ಟಿ, ಪುಂಡಿಪಲ್ಯ, ಸೋನಾಮಸೂರಿ ಅನ್ನ. ಅವರ ಹೆಂಡತಿ ವಿರೂಪಾಕ್ಷಮ್ಮ ಮಾತು ಕಡಿಮೆ. ಸಾವ್ಕಾರ್ರು ಕೈ ತೊಳೆಯಲು ಎದ್ದಾಗ, ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ ನನಗೆ ತೋರಿಸಿದರು. ಕಪ್ಪಗೆ.

“ಇದನ್ನೂ ಬರೀತಿ ಏನವಾ?”

“ಪೇಪರ್‌ನಾಗ ಬಂದಿದ್ರ ಬರೀಬೇಕಾಗ್ತೈತ್ರಿ ಅಮ್ಮಾರ.”

“ಬಂದೈತಿ,” ಅಂದು ಮಜ್ಜಿಗೆ ಬಡಿಸಿದರು.

೨೪ ಫೆಬ್ರವರಿ, ಗುರುವಾರ

ಬಂದಿದೆ. ಕೊಪ್ಪಳದ ಲೈಬ್ರರಿಯಲ್ಲಿ ಹಳೆಯ ಪೇಪರಿನ ಕಟ್ಟು ಬಿಚ್ಚಿಸಿ ಮೂರು ದಿನ ಕೂತಿದ್ದಕ್ಕೆ ಸಿಕ್ಕಿತು. ೨೦೧೯ರದು. ಮಿಲ್ಲಿನ ಹಿಂದಿನ ಓಣಿಯ ಮಹಿಳೆಯರು ನಗರಸಭೆಗೆ ಹೋಗಿ ಮನವಿ ಕೊಟ್ಟಿದ್ದಾರೆ. ಒಣಹಾಕಿದ ಬಟ್ಟೆ, ಹಪ್ಪಳ, ಸಂಡಿಗೆ ಮೇಲೆಲ್ಲ ಬೂದಿ ಬೀಳುತ್ತದೆ ಅಂತ. ಹೊಟ್ಟಿನ ಕರೆಂಟಿನ ಬಗ್ಗೆಯೂ ಛಲೋ ವರದಿಗಳು ಸಿಕ್ಕವು, ಒಂದು ಕೃಷಿ ಸಂಶೋಧಕರ ಅಧ್ಯಯನ ಕೂಡ.

ಕೋರಿಕೆ ಬರೆದು ಫೋನಿನಲ್ಲಿ ಸಾವ್ಕಾರ್ರಿಗೆ ಓದಿ ಹೇಳಿದೆ. ಹೊಟ್ಟಿನ ಸಾಲುಗಳಿಗೆಲ್ಲ “ವ್ಹಾ, ವ್ಹಾ” ಅಂದರು. ಬೂದಿಯ ಸಾಲಿಗೆ ಬಂದಾಗ ವ್ಹಾ ನಿಂತಿತು.

“ಅದು ಬ್ಯಾಡ.”

“ಅದನ್ನ ಬಿಟ್ರ ನಾನೂ ಬ್ಯಾಡ್ರಿ.”

ಹೇಳಿಬಿಟ್ಟೆ. ಮನೆ ಬಾಡಿಗೆ, ಲ್ಯಾಪ್‌ಟಾಪಿನ ಕಂತು ಎಲ್ಲ ಕಣ್ಣ ಮುಂದೆ ಬಂದವು. ನಾನು ತಗ್ಗುವುದಿಲ್ಲ ಅಂತ ಗೊತ್ತಾಗಿ ಅವರೇ ಉಸಿರು ಬಿಟ್ಟರು.

“ಹಾಕ್ರಿ ಹಾಕ್ರಿ. ಯಾರ್ ಓದ್ತಾರ ಅದನ್ನ.”

೩ ಮಾರ್ಚ್, ಗುರುವಾರ

ಕೋರಿಕೆಗೆ ಉತ್ತರ ಬಂತು. ಪರೀಕ್ಷೆ ಮಾಡಲು ಕೂತವರ ಹೆಸರು ‘ಕಲ್ಲುಸಕ್ಕರೆ’. ಹೆಸರಲ್ಲಷ್ಟೇ ಸಕ್ಕರೆ. ನಾನು ಎಲ್ಲೋ ಒಂದು ಕಡೆ ‘ಗಮನಾರ್ಹ’ ಅಂತ ಬರೆದುಬಿಟ್ಟಿದ್ದೆ. ‘ಗಮನಿಸಿದವರು ಯಾರು?’ ಅಂತ ಕೇಳಿದ್ದಾರೆ. ಮಿಲ್ಲಿನ ಸ್ವಂತ ವೆಬ್‌ಸೈಟಿನ ಲಿಂಕ್‌ಗೆ — ‘ಇದು ಆಧಾರವಲ್ಲ.’ ಇನ್ನೊಂದಕ್ಕೆ — ‘ಪುಟ ಸಂಖ್ಯೆ?’

ಸಿಟ್ಟು ಬಂತು. ಆಮೇಲೆ ಭಾಳ ಖುಷಿಯಾಯಿತು. ಎಲ್ಲೋ ಕೂತು, ಒಂದು ಪೈಸೆ ಪಡೆಯದೆ, ಗಂಗಾವತಿಯ ಹೊಟ್ಟಿನ ಮೇಲೆ ಇಷ್ಟು ತಲೆ ಕೆಡಿಸಿಕೊಳ್ಳುವ ಜನ ಇದ್ದಾರಲ್ಲ!

ಅತ್ತೆ ಪಾರಮ್ಮ ತಳಕಲ್‌ದಿಂದ ಬಂದು ನಮ್ಮಲ್ಲೇ ಇದ್ದಾರೆ. ನಾನು ಒಬ್ಬಳೇ ನಗುವುದನ್ನು ನೋಡಿ ಪಕ್ಕಕ್ಕೆ ಬಂದು ಕೂತರು.

“ಯಾರವಾ ಅದು ಕಲ್ಲುಸಕ್ರಿ? ಗಂಡೋ ಹೆಣ್ಣೋ?”

“ಗೊತ್ತಿಲ್ರಿ ಅತ್ತಿ.”

“ಯಾವೂರು?”

“ಅದೂ ಗೊತ್ತಿಲ್ಲ.”

“ಹೆಸರಿಲ್ಲ, ಊರಿಲ್ಲ... ಅವರ ಕಡೆ ಬೈಸ್ಕೊಂಡು ನಗಾಕತ್ತೀಯಲ್ಲ,” ಅಂತ ನಿಜವಾಗಿಯೂ ಚಿಂತೆ ಮಾಡಿದರು.

೯ ಮಾರ್ಚ್, ಬುಧವಾರ

ಆಯಿತು! ಕಲ್ಲುಸಕ್ಕರೆ ಎಲ್ಲ ಸೇರಿಸಿದ್ದಾರೆ. ಹೊಟ್ಟು, ಕರೆಂಟು, ಇಟ್ಟಂಗಿಗೆ ಹೋಗುವ ಬೂದಿ — ಎರಡು ಪ್ಯಾರಾ. ಕೊನೆಗೆ ಆ ಒಂದು ಸಾಲು: ‘ಮಿಲ್ಲಿನಿಂದ ಹಾರುವ ಬೂದಿಯಿಂದ ತೊಂದರೆಯಾಗುತ್ತಿದೆ ಎಂದು ಹಿಂದಿನ ಓಣಿಯ ಮಹಿಳೆಯರು ೨೦೧೯ರಲ್ಲಿ ನಗರಸಭೆಗೆ ಮನವಿ ಸಲ್ಲಿಸಿದ್ದರು.’ ತೂಕ ಸರಿಯಾಗಿದೆ. ನೋಡಿ ನೋಡಿ ಸಂತೋಷಪಟ್ಟೆ. ಅತ್ತೆಗೆ ಸಿರಾ ಮಾಡಿಕೊಟ್ಟೆ.

ಸಂಜೆ ಸಾವ್ಕಾರ್ರ ಫೋನ್. ದನಿಯಲ್ಲಿ ಉತ್ಸಾಹ ಇಲ್ಲ. ಮಗನಿಗೆ ಕುಷ್ಟಗಿಯ ಹೆಣ್ಣು ಗೊತ್ತುಮಾಡಿದ್ದಾರೆ. ಆಗಲಿರುವ ಬೀಗರು ಮೊಬೈಲ್‌ನಲ್ಲಿ ಮಿಲ್ಲಿನ ಹೆಸರು ಹೊಡೆದು ನೋಡಿದ್ದಾರೆ.

“ಎಲ್ಲಾ ಬಿಟ್ಟ್ ಅದನ್ನ ಓದ್ಯಾರ! ‘ನಿಮ್ಮಲ್ಲಿ ಬೂದಿ ಭಾಳ ಅಂತಲ್ರಿ’ ಅಂದ್ರು. ತಗಸ್ರಿ ಮೇಡಮ್ಮಾರ ಅದನ್ನ.”

ಆಗುವುದಿಲ್ಲ ಅಂದೆ. ನಿಜವಾದ ಕಾರಣ ಇದ್ದರೆ ಚರ್ಚೆಯ ಪುಟದಲ್ಲಿ ಹೇಳಬಹುದು, ಅವರು ನೋಡುತ್ತಾರೆ ಅಂದೆ.

“ಅಲ್ಲಿ ಯಾರ್ ಬೇಕಾದ್ರೂ ಮಾತಾಡಬಹುದೇನು?”

“ಹೂನ್ರಿ. ಯಾರ್ ಬೇಕಾದ್ರೂ.”

“ಹಂಗನ್ರಿ ಮತ್ತ!” ಅಂತ ಗೆಲುವಾಗಿ ಫೋನ್ ಇಟ್ಟರು. ಯಾಕೆ ಗೆಲುವಾದರೋ ತಿಳಿಯಲಿಲ್ಲ.

೧೩ ಮಾರ್ಚ್, ರವಿವಾರ

ಈಗ ತಿಳಿಯಿತು.

ನಮ್ಮ ಕಡೆ ಯಾವುದಾದರೂ ತಕರಾರು ಕೂತರೆ ಒಬ್ಬರೇ ಹೋಗುತ್ತೇವೆಯೇ? ಟ್ರ್ಯಾಕ್ಟರ್ ತುಂಬ ಮಂದಿ ಕಟ್ಟಿಕೊಂಡು ಹೋಗುತ್ತೇವೆ. ಅವರು ಮಾತಾಡಬೇಕಂತಿಲ್ಲ, ಹಿಂದೆ ನಿಂತರೆ ಸಾಕು. ಕೊಟ್ರಪ್ಪನವರು ಅದನ್ನೇ ಮಾಡಿದ್ದಾರೆ. ಇವತ್ತು ಮಿಲ್ ಆಫೀಸಿನಲ್ಲಿ ಎಲ್ಲರಿಗೂ ಮಿರ್ಚಿ-ಮಂಡಕ್ಕಿ ಕೊಟ್ಟು ಕೂರಿಸಿ, ಆಫೀಸಿನ ವೈಫೈ ಹಚ್ಚಿಕೊಟ್ಟು, ಒಬ್ಬೊಬ್ಬರಿಗೂ ಒಂದೊಂದು ಅಕೌಂಟ್ ಮಾಡಿಸಿ ಚರ್ಚೆಯ ಪುಟಕ್ಕೆ ಇಳಿಸಿದ್ದಾರೆ.

‘ಸಾವ್ಕಾರ್ರು ದೇವರಂಥ ಮನುಷ್ಯರು. ಬೂದಿ ಸುಳ್ಳು. — ಹಮಾಲರ ಪರವಾಗಿ ಯಂಕೋಬ.’

‘ನಾವು ಕುಷ್ಟಗಿಯವರು, ಹುಡುಗಿಯ ಕಡೆಯವರು. ನಮಗೆ ಬೂದಿಯದು ಏನೂ ತಕರಾರು ಇಲ್ಲ.’

‘ಮೇಲಿನವರು ಹೇಳಿದಂತೆ.’

‘ಹಾಜರ್.’

ಗಾಳೇಶ ಅನ್ನುವವನು ಕೈ ಮುಗಿದು ನಿಂತ ತನ್ನ ಫೋಟೋ ಹಾಕಿ ‘ಹಾರ್ದಿಕ ಶುಭಾಶಯಗಳು’ ಅಂತ ಬರೆದಿದ್ದಾನೆ. ಯಾತಕ್ಕೆ ಶುಭಾಶಯವೋ. ಪುಟ ಉರುಳಿಸಿದಷ್ಟೂ ಮಂದಿ. ಫ್ಲೆಕ್ಸ್ ಬ್ಯಾನರಿನ ಹಾಗೆ ಆಗಿಬಿಟ್ಟಿದೆ.

ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗು ಸರ್ರನೆ ಇಳಿಯಿತು. ಹಣ ಪಡೆದು ಕೆಲಸ ಮಾಡುವವಳು ಹಿಂದಿನಿಂದ ಮಂದಿ ಬಿಟ್ಟಿದ್ದಾಳೆ ಅಂತಲೇ ಯಾರಾದರೂ ತಿಳಿಯುವುದು. ಇದಕ್ಕಿಂತ ದೊಡ್ಡ ತಪ್ಪು ಅಲ್ಲಿ ಇನ್ನೊಂದಿಲ್ಲ.

೧೪ ಮಾರ್ಚ್, ಸೋಮವಾರ

ಎಲ್ಲ ಅಕೌಂಟೂ ಬ್ಲಾಕ್. ಒಂದೇ ವೈಫೈನಿಂದ ಬಂದಿದ್ದಕ್ಕೆ ಒಬ್ಬರದೇ ಆಟ ಅಂತ ಹಿಡಿದಿದ್ದಾರೆ. ನನ್ನದೂ ಬ್ಲಾಕ್, ವಿಚಾರಣೆ ಮುಗಿಯುವವರೆಗೆ. ರೊಕ್ಕದ್ದೂ, ಪುಕ್ಕಟೆಯದೂ. ಕೆರೆಯ ಲೇಖನ ತೆಗೆದು ನೋಡಿದೆ... ‘ನಿಮಗೆ ತಿದ್ದಲು ಅನುಮತಿ ಇಲ್ಲ.’

ಅತ್ತೆಗೆ ಕಾಣದ ಹಾಗೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಸಾವ್ಕಾರ್ರಿಗೆ ಫೋನ್ ಮಾಡಿದೆ.

“ನಾ ನಿಮಗೂ ಬಲ ಆಗ್ಲಿ ಅಂತ ಮಂದಿ ಕಳಿಸಿದ್ನಿ. ನೀವ ಹೇಳಿದ್ರಲ್ಲ, ಯಾರ್ ಬೇಕಾದ್ರೂ ಅಂತ?”

ಅವರ ದನಿಯಲ್ಲಿ ಒಂದಿಷ್ಟೂ ಕಪಟ ಇಲ್ಲ. ಬೈಯಬೇಕೆಂದು ಮಾಡಿದ ಫೋನು, ಬೈಯಲು ಬಾಯಿ ಬರಲಿಲ್ಲ. ಅಲ್ಲಿ ತಲೆ ಎಣಿಸುವುದಿಲ್ಲ, ಕಾರಣ ನೋಡುತ್ತಾರೆ ಅಂತ ಬಿಡಿಸಿ ಹೇಳಿದೆ. ಇದನ್ನು ಮೊದಲೇ ಹೇಳಬೇಕಿತ್ತು.

“ಅಲ್ರಿ, ಇಷ್ಟ್ ಮಂದಿ ಹೇಳಿದ ಮ್ಯಾಲೂ ಕಾರಣ ಬೇಕಂತಾರೇನು?” ಅಂತ ನಿಜವಾಗಿ ಆಶ್ಚರ್ಯಪಟ್ಟರು.

೧೫ ಮಾರ್ಚ್, ಮಂಗಳವಾರ

ಬ್ಲಾಕ್ ಆದವರಿಗೆ ಉತ್ತರ ಬರೆಯಲು ಒಂದೇ ಒಂದು ಜಾಗ ಬಿಟ್ಟಿರುತ್ತಾರೆ. ಏನು ಬರೆಯಲಿ ಅಂತ ಬೆಳಿಗ್ಗೆಯಿಂದ ಕೂತಿದ್ದೆ.

“ಅವರು ಯಾರಂತ ನನಗೇನ್ ಗೊತ್ತಿಲ್ಲ ಅಂದ್ ಬಿಡು. ಮುಗೀತು,” ಅಂದರು ಇವರು. ಪಾಪ, ನನ್ನ ಮುಖ ನೋಡಲಾಗದೆ.

“ಗೊತ್ತೈತಲ್ರಿ.”

ಇವರು ಆಫೀಸಿಗೆ ರಜೆ ಚೀಟಿ ಕಳಿಸಿ ಪಕ್ಕದಲ್ಲೇ ಕೂತರು. ಇದ್ದದ್ದು ಇದ್ದ ಹಾಗೆ ಬರೆದೆ. ಸಾವ್ಕಾರ್ರು ಕೇಳಿದ್ದು, ನಾನು ‘ಯಾರು ಬೇಕಾದರೂ’ ಅಂದದ್ದು, ಅವರು ಮಂದಿ ಕೂಡಿಸಿದ್ದು, ಮಿರ್ಚಿ-ಮಂಡಕ್ಕಿ ಸಹಿತ. ಈ ಅಕೌಂಟುಗಳ ಹಿಂದೆ ಇರುವವರು ನಿಜವಾದ ಬೇರೆ ಬೇರೆ ಮನುಷ್ಯರು, ಯಾರಿಗೂ ಮೋಸದ ಬುದ್ಧಿ ಇಲ್ಲ, ನಮ್ಮ ಕಡೆ ಬೆಂಬಲ ಅಂದರೆ ಹೀಗೇ ಅಂತಲೂ ಬರೆದೆ.

ಕಳಿಸುವ ಮೊದಲು ಆ ಮಂದಿಯ ಮಾತುಗಳನ್ನೆಲ್ಲ ಇನ್ನೊಮ್ಮೆ ಪೂರ್ತಿ ಓದಿದೆ. ಕೊನೆಯಲ್ಲಿದ್ದ ಒಂದು ಮಾತು ಮೊದಲ ಸಲ ಕಣ್ತಪ್ಪಿ ಹೋಗಿತ್ತು.

‘ಬೂದಿ ಬೀಳೋದು ಖರೆ ಐತಿ. ಮನವಿ ಕೊಡಾಕ ಹೋದವರಾಗ ನಾನೂ ಇದ್ದೆ. — ವಿರೂಪಾಕ್ಷಮ್ಮ.’

ಕುರ್ಚಿಯಿಂದ ಎದ್ದೇ ನಿಂತೆ. ಗಂಡ ಎಲ್ಲರ ಕೈಗೂ ಮೊಬೈಲ್ ಕೊಟ್ಟು ಬರೆಸುವಾಗ ಹೆಂಡತಿಗೂ ಕೊಟ್ಟಿದ್ದಾರೆ. ಏನು ಬರೆದರು ಅಂತ ನೋಡಿಲ್ಲ!

೧೭ ಮಾರ್ಚ್, ಗುರುವಾರ

ಸಾವ್ಕಾರ್ರು ನೋಡಿದ್ದಾರೆ. ಬೀಗರೇ ತೋರಿಸಿದರಂತೆ. ಫೋನ್ ಮಾಡಿ, “ನಮ್ಮ ಮನಿಯಾಕಿ ನನ್ನ ಮ್ಯಾಲ ಅರ್ಜಿ ಕೊಟ್ಟಿದ್ದು ನನಗ ಕಂಪ್ಯೂಟರ್‌ನಾಗ ತಿಳೀಬೇಕೇನ್ರಿ?” ಅಂದರು. ಸಿಟ್ಟೋ ನೋವೋ ಗೊತ್ತಾಗಲಿಲ್ಲ. ಹೂನ್ರಿ ಅಂದೆ.

“ಸಾಕ್ ಬಿಡ್ರಿ ಈ ಉಸಾಬರಿ,” ಅಂತ ಇಟ್ಟರು.

೨೧ ಮಾರ್ಚ್, ಸೋಮವಾರ

ಬ್ಲಾಕ್ ತೆರವು! ಎರಡೂ ಅಕೌಂಟು! ಬೆಳಿಗ್ಗೆ ಹಲ್ಲುಜ್ಜುತ್ತಾ ಮೊಬೈಲ್ ನೋಡಿದವಳು ಪೇಸ್ಟ್ ನುಂಗಿಬಿಟ್ಟೆ.

ವಿಚಾರಣೆಯ ತೀರ್ಪು ಗಿಡ್ಡದು. ಅಮೃತಾ ತಮ್ಮ ಸಂಬಂಧವನ್ನು ಮೊದಲಿನಿಂದ ಮುಚ್ಚಿಟ್ಟಿಲ್ಲ, ನಡೆದದ್ದನ್ನೂ ಮುಚ್ಚಿಟ್ಟಿಲ್ಲ. ಮುಂದೆ ಗ್ರಾಹಕರಿಗೆ ನಿಯಮ ಸರಿಯಾಗಿ ತಿಳಿಸಬೇಕು. ಬೂದಿಯ ಸಾಲು ಇರುತ್ತದೆ. ಕೆಳಗೆ ಕಲ್ಲುಸಕ್ಕರೆಯ ಮಾತು — ‘ಇಷ್ಟು ಜನರಲ್ಲಿ ವಿಷಯದ ಬಗ್ಗೆ ಮಾತಾಡಿದವರು ಒಬ್ಬರೇ.’ ವಿರೂಪಾಕ್ಷಮ್ಮನವರ ಬ್ಲಾಕನ್ನೂ ತೆಗೆಸಿ ಅವರ ಪುಟದಲ್ಲಿ ಸ್ವಾಗತ ಬರೆದಿದ್ದಾರೆ: ‘ವಿಶ್ವಕೋಶಕ್ಕೆ ಸ್ವಾಗತ. ನಿಮ್ಮ ಅನುಭವಕ್ಕೆ ಪ್ರಕಟಿತ ಆಧಾರವಿದ್ದರೆ ದಯವಿಟ್ಟು ನೀಡಿ.’

ಸ್ವಾಗತ ಮಾಡುವಾಗಲೂ ಆಧಾರ ಕೇಳುತ್ತಾರೆ. ನನಗೆ ಈ ಮನುಷ್ಯರ ಮೇಲೆ ಪ್ರೀತಿ ಬಂದಿದೆ, ಅತ್ತೆಯ ಮುಂದೆ ಹೇಳುವ ಹಾಗಿಲ್ಲ.

ಅತ್ತೆ ಗಲ್ಲ ಹಿಡಿದು, “ಬಿಡುಗಡಿ ಆತಿಲ್ಲ ನನ್ನ ಸೊಸಿಗೆ?” ಅಂತ ಓಣಿಗೆಲ್ಲ ಕೇಳುವ ಹಾಗೆ ಅಂದರು. ಎದುರು ಮನೆಯವರು ಗಾಬರಿಯಾಗಿ ನೋಡಿದರು. ನಾನು ಯಾವ ಜೈಲಿನಿಂದ ಬಂದೆನೋ ಅಂತ.

೨೦ ನವೆಂಬರ್ ೨೦೨೨, ರವಿವಾರ

ಎಂಟು ತಿಂಗಳು ಈ ಡೈರಿ ಮುಟ್ಟಿಲ್ಲ. ಯಲಬುರ್ಗಾ ಕಡೆಯ ಕೃಷಿಹೊಂಡ, ಇನ್ನೆಲ್ಲಿಯದೋ ಗಾಳಿಯಂತ್ರ... ಕೆಲಸ ಕೈತುಂಬ ಇತ್ತು. ಆ ವಿಚಾರಣೆ ಓದಿದವರೇ ನನ್ನನ್ನು ಹುಡುಕಿಕೊಂಡು ಬಂದರು. ಮುಚ್ಚಿಡದವಳು ಬೇಕು ಅಂತ. ಬರೆಯಲು ಪುರುಸೊತ್ತಿಲ್ಲದಷ್ಟು ಸುಖ.

ಇವತ್ತು ಕೊಟ್ರಪ್ಪನವರ ಫೋನ್! ಮಾರ್ಚ್‌ನಿಂದ ಮಾತಿರಲಿಲ್ಲ.

“ಮೇಡಮ್ಮಾರ, ಬೂದಿ ಹಿಡಿಯೋ ಮಿಷನ್ ಕುಂಡರ್ಸೀನಿ. ಬ್ಯಾಗ್ ಫಿಲ್ಟರ್. ಕೊಳವ್ಯಾಗಿಂದ ಈಗ ಬರೇ ಬಿಳಿ ಉಗಿ ಬರ್ತೈತಿ.”

ಯಾಕ್ರಿ ಸಾವ್ಕಾರ್ರ, ಇದ್ದಕ್ಕಿದ್ದ ಹಂಗ? ಅಂದೆ. ಅವರು ದನಿ ತಗ್ಗಿಸಿ ಹೇಳಿದರು.

“ನಮ್ಮ ಮನಿಯಾಕಿ ಪ್ರತಿ ವರ್ಷ ಸಂಡಿಗಿ ಮಾಡಾಕ ಯಲಬುರ್ಗಾಕ್ಕ ತವರಿಗೆ ಹೋಗ್ತಾಳ್ರಿ. ತವರಿನ ಮ್ಯಾಲಿನ ಪ್ರೀತಿ ಅಂತ ತಿಳ್ಕೊಂಡಿದ್ನಿ. ಬಾಯ್ಲರ್ ಬಂದಾಗಿಂದ ನಮ್ಮ ಮಾಳಿಗಿ ಮ್ಯಾಲ ಹರವಾಕ ಆಗವಲ್ದಾಗಿತ್ತಂತ. ಒಂದ್ ಮಾತ್ ಹೇಳಿದ್ದಿಲ್ಲ ನನಗ. ಯಾಕ ಹೇಳ್ಲಿಲ್ಲ ಅಂದ್ರ, ‘ಹೇಳಿದ್ವಲ್ಲ, ನಗರಸಭಾಕ್ಕ’ ಅಂದ್ಳು.”

ಇಬ್ಬರೂ ನಕ್ಕೆವು. ಅವರ ನಗು ಸ್ವಲ್ಪ ಒದ್ದೆಯಾಗಿತ್ತು. ಆಮೇಲೆ ಮೂಲ ವಿಷಯಕ್ಕೆ ಬಂದರು. ಈಗ ಆ ಸಾಲು ತೆಗೆಸುತ್ತೀರಾ?

“ಬದಲಾಗೈತಿ ಅನ್ನಾಕ ಆಧಾರ ಬೇಕ್ರಿ.”

“ಬಂದ್ ಕಣ್ಣಾರೆ ನೋಡ್ರಲ್ಲ!”

“ನಾ ನೋಡಿದ್ದು ಆಧಾರ ಅಲ್ರಿ ಸಾವ್ಕಾರ್ರ. ನಿಮ್ಮ ಸಂಬಂಧ ಇಲ್ಲದೋರು ಯಾರರ ನೋಡಿ ಬರದಿರಬೇಕು.”

“ಪೇಪರ್‌ನವರಿಗೆ ಹೇಳಿ ಒಂದ್ ನಾಕ್ ಸಾಲು—”

“ಬ್ಯಾಡ್ರಿ!” ಅಂತ ಕೂಗಿಬಿಟ್ಟೆ. ಅಡುಗೆಮನೆಯಿಂದ ಅತ್ತೆ ಓಡಿ ಬಂದರು.

೨೬ ಫೆಬ್ರವರಿ ೨೦೨೩, ರವಿವಾರ. ಗಂಗಾವತಿಯಿಂದ ಬಂದು

ವಿರೂಪಾಕ್ಷಮ್ಮ ಕರೆದಿದ್ದರು. ಅತ್ತೆಯೂ ಹಟ ಹಿಡಿದು ಬಂದರು.

ಮಾಳಿಗೆ ತುಂಬ ಬಿಳಿ ಧೋತರ ಹಾಸಿ ಸಂಡಿಗೆ. ಹಿಂದಿನ ಓಣಿಯ ಹೆಂಗಸರೆಲ್ಲ ಅಲ್ಲೇ. ಒಬ್ಬರು ಹಿಟ್ಟನ್ನು ಶಾವಿಗೆಯ ಹಾಗೆ ಒತ್ತುವವರು, ಒಬ್ಬರು ಚಮಚದಲ್ಲಿ ಬಿಡುವವರು, ಅಬೇದಾಬಿ ಅನ್ನುವ ಅಜ್ಜಿ ಕೋಲು ಹಿಡಿದು ಕಾಗೆ ಕಾಯುವವರು. ಮನವಿ ಕೊಡಲು ಹೋದ ದಿನ ಎಲ್ಲರಿಗಿಂತ ಮುಂದೆ ನಡೆದದ್ದು ಅವರಂತೆ. ಅತ್ತೆ ಕೂತ ಕೂಡಲೇ “ಹಿಟ್ಟಿಗೆ ಉಪ್ಪು ಕಡಿಮಿ ಆಗೈತಿ” ಅಂತ ಶುರು ಮಾಡಿದರು. ಒಂದು ಗಳಿಗೆಯಲ್ಲಿ ಎಲ್ಲರಿಗೂ ಅತ್ತೆಯಾಗಿಬಿಟ್ಟರು.

ನಾನು ಹಸಿ ಹಿಟ್ಟು ತಿಂದೆ, ಅರ್ಧ ಒಣಗಿದ್ದನ್ನು ತಿಂದೆ, ಕರಿದದ್ದನ್ನೂ ತಿಂದೆ. ಸಂಜೆಯವರೆಗೂ ಧೋತರದ ಮೇಲೆ ಒಂದು ಕಪ್ಪು ಚುಕ್ಕೆ ಬೀಳಲಿಲ್ಲ. ಸಾವ್ಕಾರ್ರನ್ನು ಮೇಲೆ ಬರಲು ಯಾರೂ ಬಿಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಇಣುಕುತ್ತಿದ್ದರು. ಹೊಸ ಸೊಸೆ, ಕುಷ್ಟಗಿಯ ಹುಡುಗಿ ಕವಿತಾ, ಅವರಿಗೆ ಅಲ್ಲಿಗೇ ತಟ್ಟೆಯಲ್ಲಿ ಹಾಕಿ ಕೊಟ್ಟಳು.

ಇಷ್ಟೆಲ್ಲ ಕಣ್ಣಾರೆ ಕಂಡು, ಹೊಟ್ಟೆ ತುಂಬ ತಿಂದು ಬಂದಿದ್ದೇನೆ. ವಿಶ್ವಕೋಶಕ್ಕೆ ಒಂದಕ್ಷರ ಬರೆಯುವ ಹಾಗಿಲ್ಲ. ನನ್ನ ಹೊಟ್ಟೆ ಪ್ರಕಟಿತ ಆಧಾರವಲ್ಲ.

೧೯ ಏಪ್ರಿಲ್, ಬುಧವಾರ

ಬಂತು ಆಧಾರ! ಪೇಪರಿನಲ್ಲಿ, ಅರ್ಧ ಪುಟ. ಹಿಂದಿನ ಓಣಿಯ ಹೆಂಗಸರು ಸಂಘ ಕಟ್ಟಿ ಹಪ್ಪಳ-ಸಂಡಿಗೆ ಮಾರುತ್ತಿರುವುದರ ಮೇಲೆ ಒಬ್ಬ ವರದಿಗಾರ್ತಿ ಬರೆದಿದ್ದಾರೆ. ನಡುವೆ, ಮೊದಲು ಬೂದಿಯಿಂದ ಆಗುತ್ತಿರಲಿಲ್ಲ, ಈಗ ಮಿಲ್ಲಿನವರು ಫಿಲ್ಟರ್ ಹಾಕಿದ್ದಾರೆ, ತಪಾಸಣೆಯಲ್ಲೂ ಗಾಳಿಯ ಗುಣಮಟ್ಟ ಮಿತಿಯೊಳಗೆ ಬಂದಿದೆ ಅಂತ.

ಸಾವ್ಕಾರ್ರಿಗೆ ಫೋನ್ ಹಚ್ಚಿದೆ. ನಾನು ಕೇಳುವ ಮೊದಲೇ, “ನಾ ಏನೂ ಹೇಳಿಲ್ಲ, ಹುಲಿಗೆಮ್ಮನ ಆಣಿ! ಆಕಿ ಬಂದಾಗ ನಾ ಊರಾಗ ಇದ್ದಿದ್ದಿಲ್ಲ!” ಅಂದರು. ಭಾಳ ಕಲಿತಿದ್ದಾರೆ. ಹೊಸದಾಗಿ ಒಪ್ಪಂದ, ಹೊಸದಾಗಿ ‘ಇವರಿಂದ ಹಣ ಪಡೆದಿದ್ದೇನೆ’ ಅಂತ ಘೋಷಣೆ, ಹೊಸ ಕೋರಿಕೆ. ಸಂಜೆಯೊಳಗೆ ಇಟ್ಟೆ. ಪುಟ ಸಂಖ್ಯೆ ಸಮೇತ.

ಎಲೆಕ್ಷನ್ ಡ್ಯೂಟಿಯ ತರಬೇತಿಯಿಂದ ಬಂದ ಇವರು, “ಕಲ್ಲುಸಕ್ರಿ ಏನಂದ್ರು?” ಅಂತ ಚಪ್ಪಲಿ ಬಿಡುವ ಮೊದಲೇ ಕೇಳಿದರು. ಮನೆಮಂದಿಗೆಲ್ಲ ಅವರದೇ ಧ್ಯಾನ.

೧೪ ಮೇ, ರವಿವಾರ. ಮಧ್ಯಾಹ್ನ

ಎಲೆಕ್ಷನ್ ಮುಗಿಯಿತು, ನಿನ್ನೆ ಎಣಿಕೆಯೂ ಮುಗಿಯಿತು. ಇವರು ಮಲಗಿ ಗೊರಕೆ ಹೊಡೆಯುತ್ತಿದ್ದಾರೆ.

ಕಲ್ಲುಸಕ್ಕರೆ ಹೊಸ ಸಾಲು ಸೇರಿಸಿದ್ದಾರೆ. ‘೨೦೨೨ರಲ್ಲಿ ಮಿಲ್ ಬೂದಿ ತಡೆಯುವ ಫಿಲ್ಟರ್ ಅಳವಡಿಸಿತು. ನಂತರದ ತಪಾಸಣೆಯಲ್ಲಿ ಗಾಳಿಯ ಗುಣಮಟ್ಟ ಮಿತಿಯೊಳಗಿತ್ತು.’ ಓದಿ ಕುಣಿಯುವಂತಾಯಿತು. ಅದರ ಕೆಳಗೆ ನನಗೊಂದು ಪ್ರಶ್ನೆ:

‘ಸಮಸ್ಯೆ ಬಗೆಹರಿದಿದೆ. ಇಷ್ಟು ಚಿಕ್ಕ ಲೇಖನದಲ್ಲಿ ೨೦೧೯ರ ಮನವಿಯ ಸಾಲು ಇನ್ನೂ ಬೇಕೇ? ತೆಗೆಯಲು ನನ್ನ ಅಭ್ಯಂತರವಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ.’

ಹೋದ ವರ್ಷ ಟ್ರ್ಯಾಕ್ಟರ್ ತುಂಬ ಮಂದಿ ಕಳಿಸಿದರೂ ಹೋಗದ ಸಾಲು. ಈಗ ಅವರಾಗಿಯೇ ತೆಗೆಯಲೇ ಅನ್ನುತ್ತಿದ್ದಾರೆ. ಫೋನ್ ಮಾಡಿದೆ.

“ತಗೀತಾರಂತ? ಅವರಾಗೇ?” ಸಾವ್ಕಾರ್ರ ದನಿ ಮೊದಲ ದಿನದ ಹಾಗೆ ಏರಿತು. “ಏ, ಕೇಳಿಲ್ಲಿ! ಬೂದಿ ಸಾಲು ತಗೀತಾರಂತ!”

ವಿರೂಪಾಕ್ಷಮ್ಮ ಫೋನ್ ಇಸಿದುಕೊಂಡರು.

“ಅದನ್ನ ತಗದ್ರ ಮತ್ತ ಏನ್ ಉಳೀತೈತವಾ ಅದರಾಗ?”

“ಮಿಲ್ಲಿನವರು ಫಿಲ್ಟರ್ ಹಾಕಿಸಿದ್ರು, ಗಾಳಿ ಛಲೋ ಆತು ಅಂತ ಉಳೀತೈತ್ರಿ ಅಮ್ಮಾರ.”

ಆ ಕಡೆ ಕುಕ್ಕರ್ ಕೂಗಿತು.

“ಅಂದ್ರ ಇವ್ರು ಒಂದಿನ ಮುಂಜಾನೆ ತಾವ ಎದ್ದ್ ಕುಂತು ಹಾಕ್ಸಿದ್ರು ಅಂತ ಆಗ್ತೈತಿ. ಅಬೇದಾಬಿ ಆ ಬಿಸಲಾಗ ಮುಂದ ಮುಂದ ನಡದಾಳ. ಹಿಂದ ನಾವೆಲ್ಲಾ. ಅಲ್ಲಿ ಒಬ್ಬರು ಕುಂಡ್ರು ಅನ್ಲಿಲ್ಲ ನಮಗ. ನಾವು ಹೋಗಿದ್ದು, ಬಾಯಿ ಬಿಟ್ಟ್ ಹೇಳಿದ್ದು... ಆ ಒಂದ್ ಸಾಲು ಬಿಟ್ರ ಮತ್ತೆಲ್ಲೂ ಇಲ್ಲವಾ ಅದು.”

ನನಗೆ ಇದು ಹೊಳೆದೇ ಇರಲಿಲ್ಲ. ವರ್ಷಗಟ್ಟಲೆ ಆಧಾರ ಆಧಾರ ಅಂತ ಕುಣಿದವಳು ನಾನು. ಕಣ್ಣು ತುಂಬಿತು.

ಫೋನ್ ಮತ್ತೆ ಸಾವ್ಕಾರ್ರ ಕೈಗೆ ಹೋಯಿತು. ಅವರು ಕೆಮ್ಮಿದರು, ಆಮೇಲೆ ಹೋ ಅಂತ ನಕ್ಕರು.

“ಇರ್ಲಿ ಅನ್ರಿ ಮೇಡಮ್ಮಾರ. ಖರೇನ ಹೇಳ್ಯಾಳ. ಅವ್ರು ಹೋಗಿದ್ದಿಲ್ಲಂದ್ರ ನಾ ಎಲ್ಲಿ ಹಾಕಸ್ತಿದ್ನಿ?”

ಈಗಲೇ ಉತ್ತರ ಬರೆಯಬೇಕು. ಅತ್ತೆ ಮಾತಾಡಿಸುತ್ತಾರೆ ಅಂತ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗಿನ ಕಟ್ಟೆಗೆ ಬಂದಿದ್ದೇನೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ, ಒಂದು ಪದವೂ ಹೆಚ್ಚಾಗಬಾರದು —

‘ಗ್ರಾಹಕರ ಪರವಾಗಿ, ಹಣ ಪಡೆದು ಬರೆಯುತ್ತಿದ್ದೇನೆ. ದಯವಿಟ್ಟು ಆ ಸಾಲು ತೆಗೆಯಬೇಡಿ. ಬೂದಿ ನಿಂತದ್ದು ಫಿಲ್ಟರ್‌ನಿಂದ. ಫಿಲ್ಟರ್ ಬಂದದ್ದು ಆ ಮಹಿಳೆಯರು ಹೋಗಿ ಹೇಳಿದ್ದರಿಂದ.’